ಶರತ್ಕಾಲದ ಜ್ವರವೂ ವರ್ಷವರ್ಷದ ಲಸಿಕೆಯೂ

ವೇದಕಾಲದ ಋಷಿಗಳು ದೀರ್ಘಾಯುಸ್ಸನ್ನು ಬೇಡುವಾಗ ಮುಖ್ಯವಾಗಿ ಶರತ್ತುಗಳ ಲೆಕ್ಕದಿಂದ ಆಯುಷ್ಯವನ್ನು ಎಣಿಸುತ್ತಿದ್ದರು. ಮಳೆ ನಿಂತು, ಆಕಾಶವು ತಿಳಿಯಾಗಿ, ಕೆರೆಗಳಲ್ಲಿ ತಾವರೆ ಅರಳುವ ಈ ಋತುವಿನ ಚೆಲುವು ಅದಕ್ಕೆ ಒಂದು ಕಾರಣವಾಗಿದ್ದಿರಬಹುದು. ಆದರೆ ನಮ್ಮ ವೈದ್ಯಗ್ರಂಥಗಳನ್ನು ಓದಿದವರಿಗೆ ಇನ್ನೊಂದು ಕಾರಣವೂ ತೋರದೆ ಇರದು. ಕವಿಗಳು ಹೊಗಳಿದ ಈ ಋತುವನ್ನು ವೈದ್ಯರು ಶಂಕೆಯಿಂದಲೇ ಕಂಡಿದ್ದಾರೆ. ಶರತ್ತನ್ನು ಸುಖವಾಗಿ ದಾಟಿದವನು ಆ ವರ್ಷವನ್ನೇ ದಾಟಿದವನೆಂಬ ಭಾವನೆ ಅವರಲ್ಲಿ ಇದ್ದಂತೆ ತೋರುತ್ತದೆ.

ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯದಲ್ಲಿ ಋತುಚರ್ಯೆಯು ವಿಸ್ತಾರವಾಗಿ ನಿರೂಪಿತವಾಗಿದೆ. ವರ್ಷರ್ತುವಿನಲ್ಲಿ ಒಳಗೊಳಗೇ ಸಂಚಯವಾದ ಪಿತ್ತವು ಶರತ್ತಿನ ಬಿಸಿಲಿಗೆ ಪ್ರಕೋಪಗೊಳ್ಳುವುದೆಂದು ಅಲ್ಲಿಯ ಮತ. ಆದ್ದರಿಂದ ಈ ಕಾಲದಲ್ಲಿ ಮೊಸರನ್ನೂ ಹಗಲುನಿದ್ದೆಯನ್ನೂ ಮೂಡಣ ಗಾಳಿಯನ್ನೂ ವರ್ಜಿಸಬೇಕು. ಹಗಲಲ್ಲಿ ಸೂರ್ಯನಿಂದ ಕಾದು, ಇರುಳಲ್ಲಿ ಚಂದ್ರನಿಂದ ತಂಪಾಗಿ, ಅಗಸ್ತ್ಯ ನಕ್ಷತ್ರದ ಉದಯದಿಂದ ನಿರ್ವಿಷವಾದ ಹಂಸೋದಕವೆಂಬ ನೀರನ್ನು ಸೇವಿಸಬೇಕು ಎಂದು ವಿಧಿ. ಶಾರ್ಙ್ಗಧರನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾರ್ತಿಕದ ಕೊನೆಯ ಎಂಟು ದಿನಗಳನ್ನೂ ಮಾರ್ಗಶಿರದ ಮೊದಲಿನ ಎಂಟು ದಿನಗಳನ್ನೂ ‘ಯಮದಂಷ್ಟ್ರ’ ಎಂದರೆ ಯಮನ ಕೋರೆಹಲ್ಲು ಎಂದು ಕರೆದು, ಆಗ ಮಿತಾಹಾರಿಯಾದವನು ಬದುಕಿಕೊಳ್ಳುವನೆಂದು ಎಚ್ಚರಿಸಿದ್ದಾನೆ.

ಈ ವಿಧಿಗಳ ವಿವರದಲ್ಲಿ ಇಂದಿನ ವೈದ್ಯವಿಜ್ಞಾನವು ಒಪ್ಪದ ಮಾತುಗಳು ಬೇಕಾದಷ್ಟು ಇವೆ. ಶಾಸ್ತ್ರಕಾರರಿಗೆ ಸೂಕ್ಷ್ಮಾಣುಗಳ ಪರಿಚಯವಿರಲಿಲ್ಲ. ಆದರೆ ಎರಡು ತತ್ತ್ವಗಳನ್ನು ಅವರು ದೃಢವಾಗಿ ಹಿಡಿದಿದ್ದರು. ಮೊದಲನೆಯದು, ರೋಗಕ್ಕೂ ದೇಶಕಾಲಗಳಿಗೂ ಸಂಬಂಧವುಂಟು ಎಂಬುದು. ಎರಡನೆಯದು, ರೋಗವು ಬರುವ ಮೊದಲೇ ಪ್ರತಿಯೊಂದು ವರ್ಷವೂ ಹೊಸದಾಗಿ ಸಿದ್ಧತೆ ಮಾಡಿಕೊಳ್ಳಬೇಕೆಂಬುದು. ಕಳೆದ ವರ್ಷ ಆಚರಿಸಿದ ಋತುಚರ್ಯೆಯು ಈ ವರ್ಷಕ್ಕೆ ಸಾಲದು. ಪ್ರಕೃತ ನಾನು ಹೇಳಹೊರಟಿರುವ ಇನ್‌ಫ್ಲುಯೆಂಜಾ ಜ್ವರದ ಚರಿತ್ರೆಯು ಈ ಎರಡು ತತ್ತ್ವಗಳನ್ನೇ ಬೇರೊಂದು ದಾರಿಯಿಂದ, ಬಹಳ ದೊಡ್ಡ ಬೆಲೆಯನ್ನು ತೆತ್ತು, ಲೋಕವು ಮತ್ತೆ ಕಲಿತ ಚರಿತ್ರೆಯಾಗಿದೆ.

ಈ ರೋಗದ ಹೆಸರೇ ಕುತೂಹಲಕರವಾದುದು. ಇನ್‌ಫ್ಲುಯೆಂಜಾ ಎಂಬುದು ಇಟಲಿ ದೇಶದ ಮಾತು. ‘ಪ್ರಭಾವ’ ಎಂದು ಅದರ ಅರ್ಥ. ಊರಿಗೆ ಊರೇ ಒಮ್ಮೆಲೇ ಕೆಮ್ಮುನೆಗಡಿಗಳಿಂದಲೂ ಜ್ವರದಿಂದಲೂ ಮಲಗುವುದನ್ನು ಕಂಡ ಅಲ್ಲಿಯ ಜನರು ಇದು ಗ್ರಹನಕ್ಷತ್ರಗಳ ಪ್ರಭಾವವೇ ಸರಿಯೆಂದು ನಿಶ್ಚಯಿಸಿದ್ದರು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಬರುವ ಜನಪದೋದ್ಧ್ವಂಸದ ಪ್ರಕರಣವನ್ನು ಓದಿದವರಿಗೆ ಈ ಊಹೆಯು ಅಪರಿಚಿತವೆನಿಸದು. ಕಾಂಪಿಲ್ಯ ನಗರದ ಬಳಿ ಗಂಗಾತೀರದಲ್ಲಿ ಪುನರ್ವಸು ಆತ್ರೇಯನು ಶಿಷ್ಯನಾದ ಅಗ್ನಿವೇಶನಿಗೆ ಅದನ್ನು ಬೋಧಿಸುತ್ತಾನೆ. ಬೇರೆ ಬೇರೆ ಪ್ರಕೃತಿಯ, ಬೇರೆ ಬೇರೆ ಆಹಾರದ, ಬೇರೆ ಬೇರೆ ವಯಸ್ಸಿನ ಜನರು ಏಕಕಾಲದಲ್ಲಿ ಒಂದೇ ರೋಗದಿಂದ ಸಾಯುವುದು ಹೇಗೆ ಎಂಬುದು ಅಗ್ನಿವೇಶನ ಪ್ರಶ್ನೆ. ವಾಯು, ಜಲ, ದೇಶ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಮಾನವಾದುವು. ಅವು ಕೆಟ್ಟಾಗ ಜನಪದವೇ ಕೆಡುವುದು ಎಂಬುದು ಗುರುವಿನ ಉತ್ತರ.

ಅಗ್ನಿವೇಶನ ಆ ಪ್ರಶ್ನೆಯನ್ನು ನಮ್ಮ ದೇಶವು ಅತ್ಯಂತ ದಾರುಣವಾಗಿ ಕೇಳಬೇಕಾಗಿ ಬಂದುದು 1918ರಲ್ಲಿ. ಆಗ ನಡೆಯುತ್ತಿದ್ದುದು ಕಾಳಯುಕ್ತಿ ಸಂವತ್ಸರ. ಯೂರೋಪಿನ ಮಹಾಯುದ್ಧವು ಕೊನೆಗೊಳ್ಳುತ್ತಿದ್ದಿತು. ಸೈನಿಕರನ್ನು ತುಂಬಿದ ಹಡಗುಗಳು ಬಂದರುಗಳಿಗೆ ಮರಳುತ್ತಿದ್ದುವು. ಜೂನ್ ತಿಂಗಳಿನಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ಪಹರೆಯಲ್ಲಿದ್ದ ಏಳು ಮಂದಿ ಪೋಲೀಸು ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಕೆಲವೇ ದಿನಗಳಲ್ಲಿ ಆ ಜ್ವರವು ನಗರವನ್ನೆಲ್ಲಾ ವ್ಯಾಪಿಸಿ, ರೈಲುದಾರಿಗಳನ್ನು ಹಿಡಿದು ಒಳನಾಡಿಗೆ ಹೊರಟಿತು. ಈ ಮೊದಲ ಅಲೆಯು ಸೌಮ್ಯವಾಗಿಯೇ ಇದ್ದಿತು. ಜನರು ನಾಲ್ಕು ದಿನ ಮಲಗಿ ಎದ್ದರು. ಬರಿಯ ನೆಗಡಿಯೆಂದು ಮರೆತರು.

ಮಳೆಗಾಲವು ಕಳೆಯುತ್ತ ಬಂದಾಗ, ಸೆಪ್ಟೆಂಬರಿನಲ್ಲಿ, ಅದೇ ಜ್ವರವು ಉಗ್ರರೂಪದಿಂದ ಮರಳಿ ಬಂದಿತು. ಆ ವರ್ಷ ಮುಂಗಾರು ಕೈಕೊಟ್ಟು ಧಾನ್ಯವು ತುಟ್ಟಿಯಾಗಿದ್ದಿತು. ಅರೆಹೊಟ್ಟೆಯ ಜನರಲ್ಲಿ ರೋಗವನ್ನು ತಡೆಯುವ ಶಕ್ತಿ ಕುಂದಿದ್ದಿತು. ಮುಂಬಯಿ ನಗರವೊಂದರಲ್ಲಿಯೇ ಅಕ್ಟೋಬರ್ 6ನೆಯ ತಾರೀಖು 768 ಮಂದಿ ಸತ್ತರು. ಗಣಿಸಿ ನೋಡಿದರೆ ಅದು ಆಶ್ವಯುಜ ಮಾಸದ ಮೊದಲ ದಿನಗಳು. ನವರಾತ್ರಿಯ ಕಲಶವನ್ನು ಸ್ಥಾಪಿಸಬೇಕಾದ ಮನೆಗಳಲ್ಲಿ ಹೆಣಗಳನ್ನು ಹೊರುವವರಿಲ್ಲದ ಸ್ಥಿತಿಯೊದಗಿತು. ನಮ್ಮ ಮೈಸೂರು ಸಂಸ್ಥಾನವೂ ಈ ಮಾರಿಯಿಂದ ಹೊರತಾಗಲಿಲ್ಲ. ಉತ್ತರದಲ್ಲಿ ಹಿಂದೀ ಕವಿ ಸೂರ್ಯಕಾಂತ ತ್ರಿಪಾಠಿ ‘ನಿರಾಲಾ’ ಅವರು ಪತ್ನಿಯನ್ನೂ ಕುಟುಂಬದ ಹಲವರನ್ನೂ ಕಳೆದುಕೊಂಡರು. ಶವಗಳಿಂದ ತುಂಬಿದ ಗಂಗೆಯನ್ನು ಕಂಡ ನೋವನ್ನು ಮುಂದೆ ತಮ್ಮ ‘ಕುಲ್ಲೀ ಭಾಟ್’ ಎಂಬ ಗದ್ಯಗ್ರಂಥದಲ್ಲಿ ಬರೆದಿಟ್ಟರು.

ಭಾರತದಲ್ಲಿ ಸತ್ತವರು ಒಂದು ಕೋಟಿ ಇಪ್ಪತ್ತು ಲಕ್ಷದಿಂದ ಎರಡು ಕೋಟಿಯವರೆಗೆ ಇದ್ದಿರಬೇಕೆಂದು ವಿದ್ವಾಂಸರ ಅಂದಾಜು. 1911ರಿಂದ 1921ರವರೆಗಿನ ದಶಕದ ಜನಗಣತಿಯಲ್ಲಿ ದೇಶದ ಜನಸಂಖ್ಯೆಯು ಏರದೆ ಇಳಿದುದಕ್ಕೆ ಈ ಜ್ವರವೇ ಮುಖ್ಯ ಕಾರಣ. ಇಪ್ಪತ್ತರಿಂದ ನಲವತ್ತು ವರ್ಷದೊಳಗಿನ ಗಟ್ಟಿಮುಟ್ಟಾದ ದೇಹಗಳನ್ನೇ ಅದು ಹೆಚ್ಚಾಗಿ ಆಯ್ದುಕೊಂಡಿತು. ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ರೋಗಿಗಳ ತಲೆದೆಸೆಯಲ್ಲಿ ಕುಳಿತು ಉಪಚಾರ ಮಾಡುತ್ತಿದ್ದವರು ಅವರೇ ಅಲ್ಲವೆ? ಇಷ್ಟು ದೊಡ್ಡ ಅನಾಹುತಕ್ಕೆ ನಮ್ಮಲ್ಲಿ ಸ್ಮಾರಕಗಳಿಲ್ಲ. ಯುದ್ಧದಲ್ಲಿ ಮಡಿದವರಿಗೆ ಕಲ್ಲು ನೆಟ್ಟೆವು. ಜ್ವರದಲ್ಲಿ ಮಡಿದವರು ವಂಶವೃಕ್ಷಗಳಲ್ಲಿ ಬರಿಯ ಹೆಸರುಗಳಾಗಿ ಉಳಿದಿದ್ದಾರೆ. ವಾಚಕರು ತಮ್ಮ ತಮ್ಮ ಮನೆತನಗಳ ಶ್ರಾದ್ಧದ ತಿಥಿಗಳನ್ನು ಪರಿಶೀಲಿಸಿದಲ್ಲಿ, ಕಾಳಯುಕ್ತಿಯ ಆಶ್ವಯುಜ ಕಾರ್ತಿಕಗಳಲ್ಲಿ ಅಳಿದ ಒಬ್ಬಿಬ್ಬರು ಕಂಡುಬಂದರೆ ಆಶ್ಚರ್ಯವಿಲ್ಲ.

ಆಗ ಡಾಕ್ಟರುಗಳ ಕೈಯಲ್ಲಿ ಮದ್ದಿರಲಿಲ್ಲವೆಂಬುದಷ್ಟೇ ಅಲ್ಲ, ವೈರಿ ಯಾರೆಂಬುದೂ ಅವರಿಗೆ ತಿಳಿದಿರಲಿಲ್ಲ. ಜರ್ಮನಿಯ ರಿಚರ್ಡ್ ಫೈಫರ್ ಎಂಬ ಪಂಡಿತನು 1892ರಲ್ಲಿ ಒಂದು ಬಗೆಯ ಬ್ಯಾಕ್ಟೀರಿಯವನ್ನು ಕಂಡು, ಇನ್‌ಫ್ಲುಯೆಂಜಾಕ್ಕೆ ಅದೇ ಕಾರಣವೆಂದು ಸಾರಿದ್ದನು. 1918ರಲ್ಲಿ ಆತುರಾತುರವಾಗಿ ಸಿದ್ಧವಾದ ಲಸಿಕೆಗಳೆಲ್ಲ ಆ ಮತವನ್ನೂ ಅಂತಹ ಇತರ ಬ್ಯಾಕ್ಟೀರಿಯಗಳನ್ನೂ ಅವಲಂಬಿಸಿದುವು. ನಿಜವಾದ ಕಾರಣವು ಆ ಕಾಲದ ಸೂಕ್ಷ್ಮದರ್ಶಕಕ್ಕೆ ಸಿಕ್ಕದಷ್ಟು ಕಿರಿದಾದ ವೈರಸ್ ಆಗಿದ್ದುದರಿಂದ ಅವುಗಳಿಂದ ಇನ್‌ಫ್ಲುಯೆಂಜಾ ನಿಲ್ಲಲಿಲ್ಲ. ಬಾಣವಿದ್ದಿತು, ಗುರಿ ಬೇರೆಲ್ಲಿಯೋ ಇದ್ದಿತು.

ಲಸಿಕೆಯ ವಿದ್ಯೆಯು ಮಾತ್ರ ಆಗ್ಗೆ ಹೊಸದಾಗಿರಲಿಲ್ಲ. ಸಿಡುಬಿನ ವಿಷಯದಲ್ಲಿ ಅದು ನೂರು ವರ್ಷಗಳಿಗೂ ಹಳೆಯದು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು 1796ರಲ್ಲಿ ಹಸುವಿನ ಸಿಡುಬಿನ ರಸವನ್ನು ಹುಡುಗನೊಬ್ಬನ ತೋಳಿಗೆ ಹಾಕಿ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿದನು. ಹಸುವಿಗೆ ಲ್ಯಾಟಿನ್ ಭಾಷೆಯಲ್ಲಿ ‘ವಾಕ್ಕಾ’ ಎಂದು ಹೆಸರು. ಅದರಿಂದಲೇ ವ್ಯಾಕ್ಸಿನ್ ಎಂಬ ಶಬ್ದವು ಹುಟ್ಟಿತು. ನಮ್ಮ ‘ಲಸಿಕೆ’ಯಾದರೋ ದೇಹರಸವನ್ನು ಹೇಳುವ ‘ಲಸೀಕಾ’ ಎಂಬ ಸಂಸ್ಕೃತ ಶಬ್ದದಿಂದ ಬಂದುದು. 1802ರಲ್ಲಿ ಈ ಲಸಿಕೆಯು ಮುಂಬಯಿಗೆ ಬಂದಿತು. ಕೆಲವೇ ವರ್ಷಗಳಲ್ಲಿ ಮೈಸೂರಿನ ಅರಮನೆಯನ್ನೂ ಪ್ರವೇಶಿಸಿತು. ಥಾಮಸ್ ಹಿಕಿ ಎಂಬ ಚಿತ್ರಕಾರನು ಸುಮಾರು 1805ರಲ್ಲಿ ಬರೆದ ಒಂದು ಚಿತ್ರದಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಅವರು ಮುಮ್ಮಡಿ ಕೃಷ್ಣರಾಜ ಒಡೆಯರವರ ಅರಮನೆಯವರೆಂದೂ, ಅವರಲ್ಲಿ ಒಬ್ಬಾಕೆ ಸೀರೆಯನ್ನು ಸರಿಸಿ ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ತೋಳನ್ನೆಂದೂ ಇತ್ತೀಚಿನ ಚರಿತ್ರಜ್ಞರೊಬ್ಬರ ಅಭಿಪ್ರಾಯ. ಅದು ಸರಿಯಾದರೆ, ಪ್ರಜೆಗಳ ಶಂಕೆಯನ್ನು ಕಳೆಯುವ ಕೆಲಸಕ್ಕೆ ಅಂತಃಪುರವೇ ಮುಂದಾಯಿತೆಂದು ಹೇಳಬೇಕು.

ಆದರೆ ಸಿಡುಬಿಗೂ ಇನ್‌ಫ್ಲುಯೆಂಜಾಕ್ಕೂ ಒಂದು ದೊಡ್ಡ ಅಂತರವುಂಟು. ಸಿಡುಬು ಮುಖವನ್ನು ಬದಲಾಯಿಸಿಕೊಳ್ಳುವ ರೋಗವಲ್ಲ. ಜೆನ್ನರನ ಕಾಲದಲ್ಲಿ ಹೇಗಿದ್ದಿತೋ ನೂರೆಂಬತ್ತು ವರ್ಷಗಳ ತರುವಾಯವೂ ಹಾಗೆಯೇ ಇದ್ದಿತು. ಆದುದರಿಂದಲೇ ಒಂದೇ ಬಗೆಯ ಲಸಿಕೆಯಿಂದ ಅದನ್ನು ಭೂಮಿಯಿಂದಲೇ ಅಟ್ಟುವುದು ಸಾಧ್ಯವಾಯಿತು; 1980ರಲ್ಲಿ ಲೋಕವು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಇನ್‌ಫ್ಲುಯೆಂಜಾವಾದರೋ ಕಾಮರೂಪಿ, ಮಾರೀಚನಂತೆ ವೇಷವನ್ನು ಬದಲಿಸಬಲ್ಲುದು.

ಈ ಗುಟ್ಟು ತಿಳಿದುಬಂದ ಬಗೆ ಹೀಗೆ. 1933ರಲ್ಲಿ ಲಂಡನ್ನಿನ ವಿಲ್ಸನ್ ಸ್ಮಿತ್, ಕ್ರಿಸ್ಟೊಫರ್ ಆಂಡ್ರೂಸ್, ಪ್ಯಾಟ್ರಿಕ್ ಲೇಡ್ಲಾ ಎಂಬ ಮೂವರು ಸಂಶೋಧಕರು ರೋಗಿಯ ಗಂಟಲಿನ ದ್ರವವನ್ನು ಬ್ಯಾಕ್ಟೀರಿಯಗಳು ದಾಟಲಾರದ ಶೋಧಕದಲ್ಲಿ ಸೋಸಿ, ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಗಳ ಮೂಗಿಗೆ ಹಾಕಿದರು. ಅವಕ್ಕೆ ಜ್ವರವೂ ಸೀನೂ ಬಂದುವು. ಮನುಷ್ಯರ ಇನ್‌ಫ್ಲುಯೆಂಜಾಕ್ಕೆ ವೈರಸ್ಸೇ ಕಾರಣವೆಂಬುದು ಹೀಗೆ ಸಿದ್ಧವಾಯಿತು. ಬಳಿಕ ಆಸ್ಟ್ರೇಲಿಯದ ಮ್ಯಾಕ್‌ಫಾರ್ಲೇನ್ ಬರ್ನೆಟ್ ಅವರು ಮರಿಗಟ್ಟುತ್ತಿರುವ ಕೋಳಿಮೊಟ್ಟೆಯೊಳಗೆ ಈ ವೈರಸ್ಸನ್ನು ಬೆಳೆಯಿಸುವ ಕ್ರಮವನ್ನು ಕಂಡುಹಿಡಿದರು. ಎರಡನೆಯ ಮಹಾಯುದ್ಧ ಬಂದಾಗ, 1918ರಲ್ಲಿ ತನ್ನ ಸೈನಿಕರಲ್ಲಿ ಹಲವು ಸಾವಿರ ಮಂದಿಯನ್ನು ಈ ಜ್ವರಕ್ಕೆ ಬಲಿಗೊಟ್ಟಿದ್ದ ಅಮೆರಿಕವು ಎಚ್ಚೆತ್ತುಕೊಂಡಿತು. ಥಾಮಸ್ ಫ್ರಾನ್ಸಿಸ್ ಎಂಬವರೂ, ಮುಂದೆ ಪೋಲಿಯೋ ಲಸಿಕೆಯಿಂದ ಪ್ರಸಿದ್ಧರಾದ ಜೋನಾಸ್ ಸಾಲ್ಕ್ ಅವರೂ ಮೊಟ್ಟೆಯಲ್ಲಿ ಬೆಳೆದ ವೈರಸ್ಸನ್ನು ನಿರ್ಜೀವಗೊಳಿಸಿ ಲಸಿಕೆಯನ್ನು ಮಾಡಿದರು. 1943ರಲ್ಲಿ ಸೈನ್ಯದ ತರಬೇತಿಯಲ್ಲಿದ್ದ ಯುವಕರಲ್ಲಿ ಅದರ ಪರೀಕ್ಷೆ ನಡೆದು, ಫಲವು ಉತ್ತಮವೆಂದು ಕಂಡುಬಂದಿತು. 1945ರಲ್ಲಿ ಸೈನ್ಯಕ್ಕೆಲ್ಲಾ ಲಸಿಕೆ ಹಾಕಲಾಯಿತು. ಇನ್ನು ಸಿಡುಬಿನಂತೆ ಇದೂ ಕೈಸೆರೆಯಾಯಿತೆಂದು ಹಲವರು ನಂಬಿದರು.

ಎರಡೇ ವರ್ಷಗಳಲ್ಲಿ ಆ ನಂಬಿಕೆಯು ಮುರಿಯಿತು. 1947ರಲ್ಲಿ ಜ್ವರವು ಮತ್ತೆ ಬಂದಾಗ ಲಸಿಕೆ ಪಡೆದವರೂ ಪಡೆಯದವರೂ ಒಂದೇ ಸಮನಾಗಿ ಮಲಗಿದರು. ಲಸಿಕೆಯು ಕೆಟ್ಟಿರಲಿಲ್ಲ, ವೈರಸ್ಸು ಬದಲಾಗಿದ್ದಿತು. ಅದರ ಮೈಮೇಲೆ ಮುಳ್ಳುಗಳಂತೆ ಎರಡು ಬಗೆಯ ಪ್ರೋಟೀನುಗಳಿವೆ. ನಮ್ಮ ದೇಹದ ರಕ್ಷಕಶಕ್ತಿಯು ಆ ಮುಳ್ಳುಗಳ ಗುರುತನ್ನು ಹಿಡಿದೇ ವೈರಿಯನ್ನು ತಡೆಯುವುದು. ವೈರಸ್ಸು ತನ್ನ ಪ್ರತಿಯನ್ನು ತೆಗೆಯುವಾಗ, ಅಜಾಗರೂಕನಾದ ಲಿಪಿಕಾರನು ಓಲೆಗರಿಯನ್ನು ಪ್ರತಿಮಾಡುವಂತೆ, ಅಕ್ಷರಗಳನ್ನು ತಪ್ಪುತ್ತ ಹೋಗುತ್ತದೆ. ತಪ್ಪುಗಳು ಕೂಡಿ ಕೂಡಿ ಮುಳ್ಳಿನ ಆಕಾರವು ಬೇರೆಯಾಗುತ್ತದೆ. ಕಾವಲುಗಾರನಿಗೆ ಕಳ್ಳನ ಗುರುತು ಸಿಕ್ಕದೆ ಹೋಗುತ್ತದೆ. ಇದು ಮೆಲ್ಲಮೆಲ್ಲನೆ ಆಗುವ ಮಾರ್ಪಾಡು. ಎಂದೋ ಒಮ್ಮೆ, ಹಕ್ಕಿ ಹಂದಿಗಳ ವೈರಸ್ಸಿನ ಅಂಶಗಳು ಮನುಷ್ಯರ ವೈರಸ್ಸಿನೊಡನೆ ಬೆರೆತು ಒಮ್ಮೆಗೇ ಹೊಸ ರೂಪವು ಹುಟ್ಟುವುದೂ ಉಂಟು. ಆಗ ಲೋಕವ್ಯಾಪಿಯಾದ ಮಾರಿಯಾಗುತ್ತದೆ. 1957, 1968 ಮತ್ತು 2009ರ ಮಾರಿಗಳು ಅಂತಹವು. 1957ರ ಜ್ವರವು ಮೇ ತಿಂಗಳಿನಲ್ಲಿ ಮದ್ರಾಸಿಗೆ ಬಂದು ಅಲ್ಲಿಂದ ದೇಶವನ್ನೆಲ್ಲಾ ಹರಡಿ, ದಾಖಲೆಯಾದಂತೆಯೇ 40 ಲಕ್ಷಕ್ಕೂ ಮಿಕ್ಕ ಜನರನ್ನು ಪೀಡಿಸಿತು.

ಹೀಗಿರುವಾಗ ಮಾಡಬೇಕಾದುದೇನು? ಇದಕ್ಕೆ ಲೋಕವು ಕಂಡುಕೊಂಡ ಉಪಾಯವನ್ನು ನಮ್ಮ ಪಂಚಾಂಗದ ಉದಾಹರಣೆಯಿಂದ ಸುಲಭವಾಗಿ ತಿಳಿಯಬಹುದು. ಹೋದ ವರ್ಷದ ಪಂಚಾಂಗವು ಈ ವರ್ಷದ ತಿಥಿಗೆ ಒದಗದು. ಗಣಕರು ಗ್ರಹಗತಿಯನ್ನು ಮುಂಚಿತವಾಗಿ ಲೆಕ್ಕಹಾಕಿ, ಯುಗಾದಿಗೆ ಮೊದಲೇ ಹೊಸದನ್ನು ಸಿದ್ಧಗೊಳಿಸುತ್ತಾರೆ. ಇನ್‌ಫ್ಲುಯೆಂಜಾದ ಲಸಿಕೆಯೂ ಹಾಗೆಯೇ. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಾನಾ ದೇಶಗಳ ಪ್ರಯೋಗಶಾಲೆಗಳನ್ನು ಒಂದು ಬಲೆಯಾಗಿ ಕಟ್ಟಿತು. ನಮ್ಮ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯೂ ಅದರಲ್ಲಿ ಸೇರಿದೆ. ಅವುಗಳು ರೋಗಿಗಳಿಂದ ದೊರೆತ ವೈರಸ್ಸುಗಳ ರೂಪವನ್ನು ವರ್ಷವೆಲ್ಲ ಪರೀಕ್ಷಿಸುತ್ತವೆ. ಅದನ್ನು ನೋಡಿ ಪಂಡಿತರು ವರ್ಷಕ್ಕೆ ಎರಡು ಸಲ, ಭೂಗೋಳದ ಉತ್ತರಾರ್ಧಕ್ಕಾಗಿ ಫೆಬ್ರವರಿಯಲ್ಲಿಯೂ ದಕ್ಷಿಣಾರ್ಧಕ್ಕಾಗಿ ಸೆಪ್ಟೆಂಬರಿನಲ್ಲಿಯೂ ಸಭೆ ಸೇರಿ, ಮುಂದೆ ಯಾವ ರೂಪಗಳು ಹರಡಬಹುದೆಂದು ನಿರ್ಣಯಿಸುತ್ತಾರೆ. ಬಳಿಕ ಲಸಿಕೆಯು ತಯಾರಾಗಲು ಸುಮಾರು ಆರು ತಿಂಗಳು ಹಿಡಿಯುತ್ತದೆ. ನಕ್ಷತ್ರಗಳ ಪ್ರಭಾವವೆಂದು ಹೆಸರು ಪಡೆದ ರೋಗಕ್ಕೆ ಕೊನೆಗೆ ಒಂದು ಪಂಚಾಂಗವೇ ಪರಿಹಾರವಾದುದು ವಿನೋದವಲ್ಲವೆ! ಒಮ್ಮೊಮ್ಮೆ ಈ ಗಣನೆಯೂ ತಪ್ಪುವುದುಂಟು. ವೈರಸ್ಸಿಗೂ ಲಸಿಕೆಗೂ ಚೆನ್ನಾಗಿ ಹೊಂದಿಕೆಯಾದ ವರ್ಷಗಳಲ್ಲಿಯೂ ಡಾಕ್ಟರನ್ನು ಕಾಣಬೇಕಾಗುವಂತಹ ಜ್ವರವು ನೂರಕ್ಕೆ ನಲವತ್ತರಿಂದ ಅರವತ್ತರಷ್ಟು ಮಾತ್ರ ತಗ್ಗುವುದೆಂದು ಅನುಭವ. ಪೂರ್ಣರಕ್ಷೆಯಲ್ಲವೆಂದು ಕೊಡೆಯನ್ನು ಬಿಟ್ಟು ಮಳೆಯಲ್ಲಿ ಹೊರಡುವವರಿಲ್ಲ.

ಇಲ್ಲಿ ದೇಶಕಾಲದ ಮಾತು ಮತ್ತೆ ಮುಖ್ಯವಾಗುತ್ತದೆ. ಇಂಗ್ಲೆಂಡು ಅಮೆರಿಕಗಳಂತಹ ಚಳಿದೇಶಗಳಲ್ಲಿ ಜ್ವರವು ಹಿಮಗಾಲದಲ್ಲಿ ಬರುವುದರಿಂದ ಅಲ್ಲಿಯವರು ಶರತ್ತಿನಲ್ಲಿ, ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ, ಲಸಿಕೆ ಪಡೆಯುತ್ತಾರೆ. ಆ ದೇಶಗಳಲ್ಲಿ ನೆಲಸಿರುವ ನಮ್ಮ ಮಕ್ಕಳುಮೊಮ್ಮಕ್ಕಳೂ ಹಾಗೆಯೇ ಮಾಡತಕ್ಕದ್ದು. ನಮ್ಮ ಕಾಶ್ಮೀರಕ್ಕೂ ಅದೇ ಕಾಲವು ಒಪ್ಪುತ್ತದೆ. ಆದರೆ ಭಾರತದ ಬಹುಭಾಗದಲ್ಲಿ ಈ ಜ್ವರವು ಮಳೆಗಾಲದಲ್ಲಿ ಹೆಚ್ಚಿ ಶರತ್ತಿನವರೆಗೂ ಮುಂದುವರಿಯುತ್ತದೆ; ಜನವರಿಯಿಂದ ಮಾರ್ಚಿಯವರೆಗೆ ಇನ್ನೊಮ್ಮೆ ತಲೆಯೆತ್ತುವುದೂ ಉಂಟು. ಅಂದಮೇಲೆ ನಮಗೆ ಮುಂಗಾರಿಗೆ ಮುಂಚೆ, ಏಪ್ರಿಲ್ ಮೇ ತಿಂಗಳುಗಳಲ್ಲಿ, ಆಗ ದೊರೆಯುವ ಹೊಸ ಲಸಿಕೆಯನ್ನು ಹಾಕಿಸಿಕೊಳ್ಳುವುದು ಯುಕ್ತ. ಚುಚ್ಚಿದ ಮೇಲೆ ದೇಹವು ಸಿದ್ಧವಾಗಲು ಸುಮಾರು ಎರಡು ವಾರಗಳು ಬೇಕಾದುದರಿಂದ, ಮನೆಯಲ್ಲಿ ಜ್ವರ ಹೊಕ್ಕ ಮೇಲೆ ಓಡುವುದರಿಂದ ಫಲವು ಕಡಮೆ. ಮುಂಗಾರಿಗೆ ತಪ್ಪಿದವರು ಡಾಕ್ಟರನ್ನು ಕೇಳಿ ಶರತ್ತಿನಲ್ಲಿಯಾದರೂ ಹಾಕಿಸಿಕೊಳ್ಳಬಹುದು.

ಯಾರಿಗೆ ಇದು ಹೆಚ್ಚು ಅವಶ್ಯಕ? ಅರವತ್ತೈದು ದಾಟಿದ ವೃದ್ಧರು, ಗರ್ಭಿಣಿಯರು, ಆರು ತಿಂಗಳು ತುಂಬಿದ ಎಳೆಯ ಮಕ್ಕಳು, ಉಬ್ಬಸ, ಸಕ್ಕರೆ ಕಾಯಿಲೆ, ಹೃದಯದ ಇಲ್ಲವೆ ಮೂತ್ರಪಿಂಡದ ರೋಗವುಳ್ಳವರು, ರೋಗಿಗಳ ಶುಶ್ರೂಷೆ ಮಾಡುವವರು ಇವರಿಗೆ. ಬರಿಯ ನೆಗಡಿಗೆ ಇಷ್ಟೇಕೆ ಎನ್ನುವವರು, ಇಂದಿಗೂ ಪ್ರತಿವರ್ಷ ಲೋಕದಲ್ಲಿ 2,90,000ದಿಂದ 6,50,000 ಮಂದಿ ಈ ಜ್ವರದ ಶ್ವಾಸಕೋಶದ ತೊಂದರೆಯಿಂದ ಸಾಯುತ್ತಾರೆಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜನ್ನು ನೋಡಬೇಕು. ಲಸಿಕೆಯಿಂದಲೇ ಜ್ವರ ಬಂದಿತೆಂದು ದೂರುವವರೂ ಉಂಟು. ಚುಚ್ಚುಮದ್ದಿನಲ್ಲಿರುವುದು ನಿರ್ಜೀವವಾದ ವೈರಸ್ಸು ಅಥವಾ ಅದರ ತುಣುಕು. ಅದು ಇನ್‌ಫ್ಲುಯೆಂಜಾವನ್ನು ತರಲಾರದು. ತೋಳಿನ ನೋವು, ಒಂದೆರಡು ದಿನದ ಮೈಬಿಸಿ ಇರಬಹುದು. ಅದು ದೇಹವು ಪಾಠವನ್ನು ಕಲಿಯುತ್ತಿರುವ ಲಕ್ಷಣ. ಇನ್ನು ಶಾಕಾಹಾರಿಗಳಾದ ಕೆಲವು ಮನೆಗಳಲ್ಲಿ ಮೊಟ್ಟೆಯ ಸಂಪರ್ಕದ ವಿಚಾರವಾಗಿ ಸಂಕೋಚವಿದೆ. ಹಸುವಿನ ಸಿಡುಬಿನ ರಸವೆಂದಾಗಲೂ ನಮ್ಮ ಹಿರಿಯರಿಗೆ ಇಂತಹ ಸಂಕೋಚವಿದ್ದಿತು. ಪ್ರಾಣರಕ್ಷಣೆಯ ಪ್ರಸಂಗದಲ್ಲಿ ಔಷಧವನ್ನು ಗಂಗಾಜಲದಂತೆ ಕಾಣಬೇಕೆಂಬ ಸಂಪ್ರದಾಯವು ನಮ್ಮಲ್ಲಿಯೇ ಇರುವಾಗ ಹೊಸದಾಗಿ ಧರ್ಮಸಂದೇಹ ಪಡಬೇಕಾದುದಿಲ್ಲ.

ಲಸಿಕೆಯಾದರೆ ಋತುಚರ್ಯೆ ಬೇಡವೆಂದಲ್ಲ. ಹೊರಗಿನಿಂದ ಬಂದೊಡನೆ ಕೈಕಾಲು ತೊಳೆಯುವ ಹಳೆಯ ಪದ್ಧತಿಯಲ್ಲಿ ಕೈಗೆ ಸಾಬೂನು ಸೇರಲಿ. ಕೆಮ್ಮುವಾಗ ಬಾಯಿಗೆ ವಸ್ತ್ರ ಹಿಡಿಯುವುದು, ಕಿಟಕಿಗಳನ್ನು ತೆರೆದು ಗಾಳಿ ಆಡಗೊಡುವುದು, ಜ್ವರವಿರುವ ಮಗುವನ್ನು ಶಾಲೆಗೆ ಕಳಿಸದಿರುವುದು, ಜ್ವರ ಬಂದವರು ಮದುವೆಮುಂಜಿಗಳ ಸಂದಣಿಗೆ ಹೋಗದಿರುವುದು, ಇವುಗಳಿಗೆ ಖರ್ಚಿಲ್ಲ. ಮೆಣಸಿನ ಸಾರೂ ಗಂಜಿಯೂ ಕಷಾಯವೂ ರೋಗಿಗೆ ಹಿತವನ್ನು ಕೊಡುತ್ತವೆ. ಆದರೆ ಅವು ವೈರಸ್ಸನ್ನು ತಡೆಯುತ್ತವೆಂದು ಭಾವಿಸಬಾರದು. ಉಸಿರಾಟವು ಕಷ್ಟವಾದರೂ, ಇಳಿದ ಜ್ವರವು ಮತ್ತೆ ಏರಿದರೂ, ಹಿರಿಯರಿಗೆ ಮಂಕು ಕವಿದರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

1918ರಲ್ಲಿ ಮಡಿದವರಿಗೆ ಇಂತಹ ಆಯ್ಕೆಯೇ ಇರಲಿಲ್ಲ. ಜೂನ್ ತಿಂಗಳ ಸೌಮ್ಯವಾದ ಜ್ವರವನ್ನು ಕಂಡು ಅವರು ನಿಶ್ಚಿಂತರಾದರು. ಶರತ್ತು ಬಂದಾಗ ಅವರ ಕೈಯಲ್ಲಿ ಏನೂ ಇರಲಿಲ್ಲ. ನಮಗೆ ವೈರಿಯ ಹೆಸರು ತಿಳಿದಿದೆ, ಅದು ಬರುವ ಕಾಲವು ತಿಳಿದಿದೆ, ವರ್ಷವರ್ಷಕ್ಕೂ ಹೊಸದಾಗುವ ರಕ್ಷೆಯೊಂದು ದೊರೆಯುತ್ತದೆ. ಯುಗಾದಿಯ ದಿನ ಹೊಸ ಪಂಚಾಂಗವನ್ನು ತಂದು ಪೂಜಿಸುವ ಗೃಹಸ್ಥರು ಅದರ ಮೊದಲ ಹಾಳೆಯಲ್ಲಿಯೇ ಮನೆಯ ಹಿರಿಯರ ಮತ್ತು ಮಕ್ಕಳ ಲಸಿಕೆಯ ದಿನವನ್ನು ಬರೆದಿಟ್ಟುಕೊಳ್ಳಲಿ. ವಾಚಕರ ಮನೆಗಳಲ್ಲಿ ಎಲ್ಲರೂ ಅನೇಕ ಶರತ್ತುಗಳನ್ನು ಆರೋಗ್ಯದಿಂದ ಕಾಣಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.